ಕಣ್ಣಿಗೆ ನಾಲ್ಕು ಅಕ್ಷರ, ಬೆರಳಿಗೆ ಹತ್ತು ಮನೆ: ದೃಷ್ಟಿ ಸಮಸ್ಯೆಯ ಮಕ್ಕಳಿಗೆ ಪಾಠಸಾಮಗ್ರಿ ಸಿದ್ಧಪಡಿಸುವ ಬಗೆ

ಪಠ್ಯಪುಸ್ತಕ ಜೂನ್ ತಿಂಗಳಲ್ಲಿ ಶಾಲೆಗೆ ಬರುತ್ತದೆ. ಅದರ ಬ್ರೈಲ್ ಪ್ರತಿ ದಸರಾ ರಜೆ ಕಳೆದು ಬಂದರೆ, ಅಷ್ಟು ದಿನ ಆ ಮಗು ಪುಸ್ತಕವಿಲ್ಲದೆ ಕೂತಿತ್ತು ಎಂದೇ ಲೆಕ್ಕ. ಹೆಚ್ಚಿನ ಸಲ ಇದಕ್ಕೆ ಕಾರಣ, ಇಡೀ ಪುಸ್ತಕ ಮುಗಿಸಿಯೇ ಕೊಡೋಣವೆಂದು ಹಿಡಿದಿಟ್ಟುಕೊಳ್ಳುವುದು. ಏಪ್ರಿಲ್-ಮೇ ರಜೆಯಲ್ಲಿ ಪ್ರತಿ ವಿಷಯದ ಮೊದಲ ಎರಡೆರಡು ಪಾಠ ಸಿದ್ಧಮಾಡಿ. ಆಮೇಲೆ ತರಗತಿಗಿಂತ ಸದಾ ಎರಡು ಪಾಠ ಮುಂದಿರಿ. ಮಲೆನಾಡಿನಲ್ಲಂತೂ ಬೇಸಿಗೆಯನ್ನು ಬಿಟ್ಟರೆ ಕೆಟ್ಟಿತು. ಮಳೆ ಹಿಡಿದ ಮೇಲೆ ಕರೆಂಟು, ನೆಟ್‌ವರ್ಕು, ಒಣ ಕಾಗದ ಮೂರೂ ಒಟ್ಟಿಗೆ ಸಿಗುವ ದಿನಗಳು ಕಡಿಮೆ.

ಪ್ರಮಾಣಪತ್ರ ಬದಿಗಿಟ್ಟು ಮಗುವನ್ನು ಓದಿಸಿ ನೋಡಿ

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಅಳತೆ ಹೀಗಿದೆ: ಚೆನ್ನಾಗಿ ಕಾಣುವ ಕಣ್ಣಿನಲ್ಲಿ ಕನ್ನಡಕ ಹಾಕಿದ ಮೇಲೂ ದೃಷ್ಟಿ 3/60ಕ್ಕಿಂತ (60 ಮೀಟರಿನಿಂದ ಕಾಣಬೇಕಾದ್ದು 3 ಮೀಟರಿನಿಂದಷ್ಟೇ ಕಾಣುವುದು) ಕಡಿಮೆಯಿದ್ದರೆ ಅಥವಾ ನೋಟದ ಹರವು 10 ಡಿಗ್ರಿಗಿಂತ ಕಡಿಮೆಯಿದ್ದರೆ ಅಂಧತ್ವ. ದೃಷ್ಟಿ 6/18ರಿಂದ 3/60ರ ನಡುವೆ ಇದ್ದರೆ ಮಂದದೃಷ್ಟಿ. ಅಂಗವಿಕಲರ ಕಾರ್ಡಿನಲ್ಲಿ ಬರೆದ ನ್ಯೂನತೆಯ ಶೇಕಡಾವಾರು ಸವಲತ್ತಿಗೆ ಬೇಕು, ಪಾಠಕ್ಕೆ ಸಾಲದು. ಒಂದೇ ಶೇಕಡಾ ಇರುವ ಇಬ್ಬರು ಮಕ್ಕಳಲ್ಲಿ ಒಬ್ಬಳಿಗೆ ನಡುವಿನ ಭಾಗ ಮಾತ್ರ ಕೊಳವೆಯೊಳಗಿಂದ ನೋಡಿದ ಹಾಗೆ ಕಾಣಬಹುದು. ಇನ್ನೊಬ್ಬನಿಗೆ ನಡುವೆಯೇ ಮಬ್ಬಾಗಿ ಅಂಚು ಕಾಣಬಹುದು. ಮೊದಲನೆಯವಳಿಗೆ ಅಕ್ಷರವನ್ನು ವಿಪರೀತ ಹಿಗ್ಗಿಸಿದರೆ ಒಂದು ಸಲಕ್ಕೆ ಒಂದೇ ಅಕ್ಷರ ಕಂಡು ಓದು ಇನ್ನೂ ನಿಧಾನವಾಗುತ್ತದೆ.

ಪರೀಕ್ಷೆ ಸುಲಭ. ಒಂದೇ ಪ್ಯಾರಾವನ್ನು 18, 24, 30, 36 ಪಾಯಿಂಟ್ ಗಾತ್ರಗಳಲ್ಲಿ ಮುದ್ರಿಸಿ ಮಗುವಿನ ಕೈಗೆ ಕೊಡಿ. ಪ್ಯಾರಾದಲ್ಲಿ ‘ತೀರ್ಥಹಳ್ಳಿ’ಯಂಥ ಪದಗಳಿರಲಿ. ನಾಲ್ಕೇ ಅಕ್ಷರದಲ್ಲಿ ಒಂದು ದೀರ್ಘ, ಒಂದು ಅರ್ಕಾವತ್ತು, ಹೊಟ್ಟೆಯೊಳಗೆ ಚುಕ್ಕಿ ಇಟ್ಟುಕೊಂಡ ಥ, ಕೆಳಗೊಂದು ಳ ಒತ್ತು. ಕನ್ನಡದ ಕಷ್ಟಗಳೆಲ್ಲ ಒಂದೇ ಕಡೆ! ಮಗು ಆ ಊರಿನದೇ ಆದರೆ ಮಾತ್ರ ಈ ಪದ ಬೇಡ, ಮೊದಲಕ್ಷರ ಕಂಡದ್ದೇ ಊಹಿಸಿ ಹೇಳಿಬಿಡುತ್ತದೆ. ಆಗ ‘ಅರ್ಥ’, ‘ಸ್ಥಳ’, ‘ಕರ್ತೃ’ ಇಟ್ಟು ನೋಡಿ.

ಐದು ಸೆಕೆಂಡಲ್ಲ, ಐದು ನಿಮಿಷ ಓದಿಸಿ. ಮೂರನೇ ನಿಮಿಷಕ್ಕೆ ಕಣ್ಣಲ್ಲಿ ನೀರು ಬಂದರೆ, ಕತ್ತು ಓರೆಯಾದರೆ, ವೇಗ ಬಿದ್ದರೆ ಆ ಗಾತ್ರ ಸಾಲದು. 36 ಪಾಯಿಂಟಿನಲ್ಲೂ ಕಾಗದ ಮೂಗಿಗೆ ತಾಗುತ್ತಿದ್ದರೆ ಬ್ರೈಲ್ ಕಲಿಕೆ ಈಗಲೇ ಶುರುವಾಗಲಿ. ‘ಸ್ವಲ್ಪ ಕಾಣುತ್ತಲ್ಲ’ ಎಂದು ಮುಂದೂಡಿದ ಮಕ್ಕಳೇ ಹೈಸ್ಕೂಲಿಗೆ ಬರುವಷ್ಟರಲ್ಲಿ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತಾಗುವುದು.

ಈ ಪರೀಕ್ಷೆಯನ್ನು ಬಿಸಿಲಿನ ದಿನ ಒಮ್ಮೆ, ಜುಲೈ ತಿಂಗಳ ಕಪ್ಪು ಮೋಡದ ದಿನ ಇನ್ನೊಮ್ಮೆ ಮಾಡಿ. ಹೆಂಚಿನ ಶಾಲೆಗಳಲ್ಲಿ ಆಷಾಢದ ಮಧ್ಯಾಹ್ನ ಲೈಟು ಹಾಕದಿದ್ದರೆ ಒಳ್ಳೆಯ ಕಣ್ಣಿನವರಿಗೇ ಅಕ್ಷರ ಕಾಣದು. ಗಾಜಿನ ಹೆಂಚಿನ ಕೆಳಗೆ ಕೂರಿಸುವುದು ಹಲವರಿಗೆ ಒಳ್ಳೆಯದು. ಬೆಳಕು ಚುಚ್ಚುವ ಮಕ್ಕಳಿಗೆ, ಮುಖ್ಯವಾಗಿ ಮೈಬಣ್ಣ ಹುಟ್ಟಿನಿಂದಲೇ ಬಿಳಿಯಾಗಿರುವ ಮಕ್ಕಳಿಗೆ, ಅದೇ ಜಾಗ ಶಿಕ್ಷೆ.

ಮೊದಲು ಒಂದು ಶುದ್ಧ ಫೈಲು

ದೊಡ್ಡಕ್ಷರ, ಬ್ರೈಲ್, ಧ್ವನಿ ಮೂರಕ್ಕೂ ಬೇರು ಒಂದೇ: ತಪ್ಪಿಲ್ಲದ ಯೂನಿಕೋಡ್ ಪಠ್ಯ, ಅಂದರೆ ಯಾವ ಕಂಪ್ಯೂಟರೂ ಕನ್ನಡವೆಂದೇ ಗುರುತಿಸುವ ಬರಹ. ಇಲ್ಲಿ ಎರಡು ದಿನ ಹೆಚ್ಚು ಖರ್ಚಾದರೂ ಚಿಂತೆಯಿಲ್ಲ, ಮುಂದೆ ಎರಡು ವಾರ ಉಳಿಯುತ್ತದೆ.

ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಸ್ತಕಗಳ ಪಿಡಿಎಫ್ ಉಚಿತವಾಗಿ ಸಿಗುತ್ತದೆ. ಅದನ್ನು ತೆರೆದು ಒಂದು ಸಾಲು ಕಾಪಿ ಮಾಡಿ ವರ್ಡ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಸರಿ. ಕೊಂಬು, ಕಿರೀಟ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳ ರಾಶಿ ಬಂದರೆ ಅದು ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಜೋಡಿಸಿದ್ದು. ತೆರೆಯ ಮೇಲೆ ಕನ್ನಡದಂತೆ ಕಂಡರೂ ಒಳಗೆ ಕನ್ನಡವಿಲ್ಲ, ಸ್ಕ್ರೀನ್ ರೀಡರ್ (ತೆರೆಯ ಮೇಲಿನ ಬರಹವನ್ನು ದನಿಯಲ್ಲಿ ಓದುವ ತಂತ್ರಾಂಶ) ಅದನ್ನು ಅರ್ಥವಿಲ್ಲದ ಸದ್ದಾಗಿ ಓದುತ್ತದೆ. ಡಿಟಿಪಿ ಅಂಗಡಿಯವರ ಫೈಲುಗಳೂ, ಶಾಲೆಯ ಪ್ರಶ್ನೆಪತ್ರಿಕೆಗಳೂ ಎಷ್ಟೋ ಸಲ ಇದೇ ಜಾತಿಯವು. ಆಸ್ಕಿಯಿಂದ ಯೂನಿಕೋಡಿಗೆ ತರುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಅವುಗಳಲ್ಲಿ ಹಾಕಿ ತೆಗೆಯಿರಿ.

ಪುಸ್ತಕ ಮಾತ್ರ ಇದ್ದರೆ ಸ್ಕ್ಯಾನ್. 300 ಡಿಪಿಐ ಇರಲಿ, ಪುಟ ನೆಟ್ಟಗಿರಲಿ, ಬೆನ್ನಿನ ಬಳಿ ನೆರಳು ಬೀಳದಿರಲಿ. ಚಿತ್ರವನ್ನು ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಪಠ್ಯ ಬರುತ್ತದೆ. ಅದನ್ನು ನಂಬಿ ಹಾಗೇ ಮುದ್ರಿಸಬೇಡಿ. ಯಂತ್ರ ಎಡವುವ ಜಾಗಗಳು ಹೆಚ್ಚುಕಡಿಮೆ ನಿಗದಿಯಾಗಿವೆ: ‘ಮ’ ಇದ್ದಲ್ಲಿ ‘ವು’, ಪ-ವ-ಷ ಅದಲುಬದಲು, ದ-ಧ, ಬ-ಭ, ಘ-ಫ, ಎಲ್ಲೋ ಹಾರಿಹೋದ ದೀರ್ಘ, ತಪ್ಪು ಅಕ್ಷರಕ್ಕೆ ಅಂಟಿಕೊಂಡ ಅರ್ಕಾವತ್ತು. ಎರಡು ಕಾಲಮ್ಮಿನ ಪುಟವಾದರೆ ಎಡದ ಅರ್ಧ ಸಾಲಿಗೆ ಬಲದ ಅರ್ಧ ಸಾಲು ಜೋಡಣೆಯಾಗಿರುತ್ತದೆ.

ಕಣ್ಣಿಗೆ ಬೀಳದ ತಪ್ಪೊಂದಿದೆ. ಅನುಸ್ವಾರದ ಸೊನ್ನೆಗೂ ಅಂಕಿಯ ಸೊನ್ನೆಗೂ ನೋಟದಲ್ಲಿ ವ್ಯತ್ಯಾಸವಿಲ್ಲ, ಕಂಪ್ಯೂಟರಿಗೆ ಇವು ಬೇರೆ ಬೇರೆ. ‘ಅಂಕ’ ಎಂಬುದರ ನಡುವೆ ಅಂಕಿಯ ಸೊನ್ನೆ ಕೂತಿದ್ದರೆ ನೀವು ಹತ್ತು ಸಲ ಓದಿದರೂ ಗೊತ್ತಾಗದು. ಸ್ಕ್ರೀನ್ ರೀಡರ್ ಮಾತ್ರ ಪದವನ್ನು ಮುರಿದು ನಡುವೆ ಸೊನ್ನೆ ಎನ್ನುತ್ತದೆ, ಬ್ರೈಲ್ ಪರಿವರ್ತನೆಯಲ್ಲಿ ಅಲ್ಲೊಂದು ಸಂಖ್ಯಾಚಿಹ್ನೆ ನುಗ್ಗುತ್ತದೆ. ಆದ್ದರಿಂದ ಕರಡು ತಿದ್ದುವ ಕೊನೆಯ ಸುತ್ತು ಕಿವಿಯಿಂದಲೇ ಆಗಲಿ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತ, ಅದರ ಜೊತೆ ಬರುವ ಇ-ಸ್ಪೀಕ್ ಎಂಬ ಕೃತಕ ದನಿ ಕನ್ನಡ ಓದುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಅದೇ ಕೆಲಸಕ್ಕೆ ಟಾಕ್‌ಬ್ಯಾಕ್ ಇದೆ, ಗೂಗಲ್‌ನ ಕನ್ನಡ ಧ್ವನಿ ಹಾಕಿಕೊಳ್ಳಬಹುದು. ಇ-ಸ್ಪೀಕ್‌ನ ದನಿ ತಗಡು ಬಡಿದ ಹಾಗಿದೆ ಎಂದು ಮೊದಲ ದಿನ ಬೇಸರವಾಗುತ್ತದೆ. ರೂಢಿಯಾದವರು ಅದನ್ನೇ ಇನ್ನಷ್ಟು ವೇಗದಲ್ಲಿಟ್ಟು ಕೇಳುತ್ತಾರೆ.

ಪಠ್ಯ ಶುದ್ಧವಾದ ಮೇಲೆ ಪಾಠದ ಹೆಸರಿಗೆ ವರ್ಡ್‌ನ ‘ಹೆಡಿಂಗ್ 1’, ಉಪಶೀರ್ಷಿಕೆಗೆ ‘ಹೆಡಿಂಗ್ 2’ ಕೊಡಿ. ಬರೀ ದಪ್ಪ ಮಾಡಿ ದೊಡ್ಡದು ಮಾಡಿದರೆ ಕಣ್ಣಿಗೆ ಶೀರ್ಷಿಕೆ, ಸ್ಕ್ರೀನ್ ರೀಡರಿಗೆ ಅದೂ ಒಂದು ಸಾಲು. ಹೆಡಿಂಗ್ ಇದ್ದರೆ ಮಗು ಒಂದು ಕೀಲಿ ಒತ್ತಿ ಮುಂದಿನ ಭಾಗಕ್ಕೆ ಹಾರಬಹುದು. ಮೂಲ ಪುಸ್ತಕದ ಪುಟಸಂಖ್ಯೆಯನ್ನು ಆಯಾ ಜಾಗದಲ್ಲಿ ಬೇರೆ ಸಾಲಾಗಿ ಹಾಕಿ: ‘ಮೂಲ ಪುಟ 43’. ಇದನ್ನು ಬಿಡುವವರೇ ಹೆಚ್ಚು. ಮೇಷ್ಟ್ರು ‘43ನೇ ಪುಟ ತೆಗೀರಿ’ ಎಂದಾಗ ಎಲ್ಲರೂ ತೆಗೆಯುವ ಪುಟವನ್ನು ಈ ಮಗುವೂ ತೆಗೆಯಬೇಕಲ್ಲ.

ದೊಡ್ಡಕ್ಷರದ ಪ್ರತಿ

ಎ4 ಪುಟವನ್ನು ಎ3ಗೆ ಜೆರಾಕ್ಸ್ ಹಿಗ್ಗಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಅದು ಹಿಗ್ಗುವುದು ಶೇ. 141ಕ್ಕೆ, 12 ಪಾಯಿಂಟಿನ ಅಕ್ಷರ 17ಕ್ಕೆ ಬಂದು ನಿಲ್ಲುತ್ತದೆ. ಪುಟ ಡೆಸ್ಕಿನಿಂದ ಹೊರಚಾಚುತ್ತದೆ, ಸಾಲಿನ ಈ ತುದಿಯಿಂದ ಆ ತುದಿಗೆ ಮಗು ಇಡೀ ತಲೆಯನ್ನೇ ಒಯ್ಯಬೇಕು, ಕಲೆ-ಮಸಿಯೂ ಜೊತೆಗೇ ಹಿಗ್ಗಿರುತ್ತದೆ. ನಾಳೆಯ ಪಾಠಕ್ಕೆ ಇವತ್ತು ಸಂಜೆ ಬೇಕೆಂದರೆ ಮಾತ್ರ ಈ ದಾರಿ.

ಶುದ್ಧ ಫೈಲಿದ್ದರೆ ಎ4ರಲ್ಲೇ 24 ಪಾಯಿಂಟಿಗೆ ಹೊಸದಾಗಿ ಹರಡಿ. ಕನ್ನಡದಲ್ಲಿ ಗಾತ್ರ ತೀರ್ಮಾನಿಸುವಾಗ ನೋಡಬೇಕಾದ್ದು ಒತ್ತಕ್ಷರವನ್ನು, ಮೇಲಿನ ಅಕ್ಷರವನ್ನಲ್ಲ. ಒತ್ತಕ್ಷರ ಮೇಲಿನದಕ್ಕಿಂತ ಎಷ್ಟೋ ಚಿಕ್ಕದು, ‘ರಾಷ್ಟ್ರ’ದಂಥ ಪದದಲ್ಲಿ ಕೆಳಗೆ ಎರಡೆರಡು ತೂಗುತ್ತವೆ. ಇಂಗ್ಲಿಷ್ ಪುಸ್ತಕಕ್ಕೆ 18 ಪಾಯಿಂಟ್ ಸಾಕಾದ ಮಗುವಿಗೂ ಕನ್ನಡಕ್ಕೆ 24 ಬೇಕಾಗುವುದು ಇದರಿಂದಲೇ. ಸಾಲಿನ ಅಂತರ ಒಂದೂವರೆಗಿಂತ ಕಡಿಮೆ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಎಡಕ್ಕೆ ಮಾತ್ರ ಸಾಲು ಕಟ್ಟಿ, ಎರಡೂ ಅಂಚು ಸಮ ಮಾಡಲು ಹೋದರೆ ಪದಗಳ ನಡುವೆ ಹೊಂಡ ಬೀಳುತ್ತದೆ. ಓರೆ ಅಕ್ಷರ, ಅಲಂಕಾರದ ಫಾಂಟು, ಚಿತ್ರದ ಮೇಲೆ ಬರಹ ಬೇಡ.

ಗಾತ್ರ ಇಮ್ಮಡಿಯಾದರೆ ಪುಟ ನಾಲ್ಕು ಪಟ್ಟು. 100 ಪುಟದ ಪುಸ್ತಕ 400 ಆಗುತ್ತದೆ, ಅಷ್ಟನ್ನು ಒಂದೇ ಕಟ್ಟು ಮಾಡಿ ಮಗುವಿನ ಬೆನ್ನಿಗೆ ಹೇರಬೇಡಿ. ಎರಡು-ಮೂರು ಪಾಠಕ್ಕೊಂದರಂತೆ ಸ್ಪೈರಲ್ ಹಾಕಿಸಿ, ಅದು ಡೆಸ್ಕಿನ ಮೇಲೆ ಚಪ್ಪಟೆಯಾಗಿ ಮಲಗುತ್ತದೆ. ಕಾಗದ ಮಿರುಗದಿರಲಿ, ಕೆನೆಬಣ್ಣದ್ದಾದರೆ ಒಳ್ಳೆಯದು. ಮುದ್ರಣ ಲೇಸರಿನಲ್ಲಾಗಲಿ. ಇಂಕ್‌ಜೆಟ್ ಪುಟ ಒದ್ದೆ ಕೈ, ಒದ್ದೆ ಚೀಲ ಕಂಡರೆ ಕಲಸಿಹೋಗುತ್ತದೆ, ಮಳೆಗಾಲದಲ್ಲಿ ನಮ್ಮ ಕಡೆಯ ಮಕ್ಕಳ ಚೀಲ ಒಣಗಿರುವುದು ಅಪರೂಪ.

ಬ್ರೈಲ್

ಕನ್ನಡ ಬ್ರೈಲ್ ಭಾರತೀಯ ಭಾಷೆಗಳಿಗೆಂದು ರೂಪಿಸಿದ ಭಾರತಿ ಬ್ರೈಲ್‌ನ ಭಾಗ, ಒಂದೊಂದು ಮನೆಯಲ್ಲಿ ಆರು ಚುಕ್ಕಿಗಳ ಜಾಗ (ಎಡಕ್ಕೆ 1ರಿಂದ 3, ಬಲಕ್ಕೆ 4ರಿಂದ 6). ಇಲ್ಲಿ ಗುಣಿತವೂ ಇಲ್ಲ, ಒತ್ತೂ ಇಲ್ಲ. ವ್ಯಂಜನದ ನಂತರ ಸ್ವರವನ್ನು ಪೂರ್ತಿಯಾಗಿ ಬರೆಯುತ್ತಾರೆ. ಒತ್ತಕ್ಷರ ಬಂದರೆ ಮೊದಲ ವ್ಯಂಜನಕ್ಕಿಂತ ಮುಂಚೆ ನಾಲ್ಕನೇ ಚುಕ್ಕಿಯನ್ನು ಇಡುತ್ತಾರೆ. ಹಾಗಾಗಿ ಅದೇ ‘ತೀರ್ಥಹಳ್ಳಿ’ ಹೀಗಾಗುತ್ತದೆ: ತ, ಈ, ನಾಲ್ಕನೇ ಚುಕ್ಕಿ, ರ, ಥ, ಹ, ನಾಲ್ಕನೇ ಚುಕ್ಕಿ, ಳ, ಳ, ಇ. ಕಣ್ಣಿಗೆ 4 ಅಕ್ಷರ, ಬೆರಳಿಗೆ 10 ಮನೆ. ಮನೆಯಿಂದ ಮನೆಗೆ ಸುಮಾರು 6 ಮಿ.ಮೀ., ಸಾಲಿಂದ ಸಾಲಿಗೆ 10 ಮಿ.ಮೀ. ದೊಡ್ಡ ಹಾಳೆಯಲ್ಲೂ ಸಾಲಿಗೆ 40 ಮನೆ ಹಿಡಿದರೆ ಹೆಚ್ಚು. ಬ್ರೈಲ್ ಪುಸ್ತಕ ಅಷ್ಟು ದಪ್ಪವಾಗುವುದು ಯಾಕೆಂದು ಈಗ ತಿಳಿಯಿತಲ್ಲ.

ಲಿಬ್‌ಲೂಯಿ ಎಂಬ ಮುಕ್ತ ತಂತ್ರಾಂಶದಲ್ಲಿ ಕನ್ನಡದ ಕೋಷ್ಟಕವಿದೆ, ಶುದ್ಧ ಫೈಲನ್ನು ಅದು ಬ್ರೈಲ್ ಮಾಡಿಕೊಡುತ್ತದೆ. ಎಡವಟ್ಟಾಗುವುದು ಕನ್ನಡದ ನಡುವೆ ಇಂಗ್ಲಿಷ್ ಬಂದಲ್ಲಿ. ‘ಕ’ಕ್ಕೂ ಇಂಗ್ಲಿಷಿನ ‘ಕೆ’ಗೂ ಚುಕ್ಕಿಗಳು ಒಂದೇ, 1 ಮತ್ತು 3. ‘ಮ’ಕ್ಕೂ ‘ಎಂ’ಗೂ 1, 3, 4. ವಿಜ್ಞಾನದ ಪುಸ್ತಕದಲ್ಲಿ ಅಳತೆಯ ಚಿಹ್ನೆ, ಬೀಜಗಣಿತದ ಅಕ್ಷರ ಬಂದಾಗ ಅದು ಕನ್ನಡವೋ ಇಂಗ್ಲಿಷೋ ಎಂದು ಬೆರಳಿಗೆ ತಿಳಿಯದು. ಅಂಥ ಜಾಗಗಳನ್ನು ಬ್ರೈಲ್ ಬಲ್ಲವರೊಬ್ಬರಿಂದ ಓದಿಸಿಯೇ ಮುದ್ರಣಕ್ಕೆ ಕೊಡಿ. ಗಣಿತಕ್ಕೆ ನೆಮೆತ್ ಸಂಕೇತವೇ ಬೇರೆ ಇದೆ. ಲೆಕ್ಕ ಮಾಡಲು ಟೇಲರ್ ಫ್ರೇಮ್ (ರಂಧ್ರಗಳಲ್ಲಿ ಅಚ್ಚು ನಿಲ್ಲಿಸುವ ಹಲಗೆ) ಬಳಸುವ ಮಗುವಾದರೆ ಅಚ್ಚುಗಳ ಡಬ್ಬಿ ಮೇಜಿನ ಮೇಲೆ ಕದಲದಂತಿರಲಿ, ಒಮ್ಮೆ ಚೆಲ್ಲಿದರೆ ಆ ಅವಧಿ ಮುಗಿದಂತೆ.

ಬ್ರೈಲ್ ಮುದ್ರಿಸುವ ಯಂತ್ರವಿಲ್ಲದಿದ್ದರೆ ಸ್ಲೇಟು (ಕಾಗದ ಹಿಡಿಯುವ ಮನೆಗಳ ಚೌಕಟ್ಟು) ಮತ್ತು ಸ್ಟೈಲಸ್ (ಚುಚ್ಚುವ ಮೊಳೆ). ಹಿಂಬದಿಯಿಂದ ಚುಚ್ಚುವುದರಿಂದ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡ ಹಾಗೆ ಬರೆಯಬೇಕು. ಕಾಗದ 140ರಿಂದ 160 ಜಿಎಸ್‌ಎಂ ಇರಲಿ. ತೆಳುವಾದರೆ ಚುಕ್ಕಿ ಹರಿಯುತ್ತದೆ, ತೀರಾ ದಪ್ಪವಾದರೆ ಏಳುವುದಿಲ್ಲ.

ಚುಕ್ಕಿಯ ಎತ್ತರ ಹೆಚ್ಚೆಂದರೆ ಅರ್ಧ ಮಿ.ಮೀ. ತೇವ ಕುಡಿದ ಕಾಗದದಲ್ಲಿ ಅದು ಒಂದೆರಡು ಸಲ ಬೆರಳಾಡಿಸುವಷ್ಟರಲ್ಲಿ ಕುಸಿಯುತ್ತದೆ. ಆಗುಂಬೆ, ಹೊಸನಗರದ ಕಡೆ ಮೂರು ತಿಂಗಳು ಗೋಡೆಯೇ ಬೆವರುವಾಗ ಬ್ರೈಲ್ ಪುಸ್ತಕವನ್ನು ತೆರೆದ ಕಪಾಟಿನಲ್ಲಿಟ್ಟರೆ ಉಳಿಯದು. ಮುಚ್ಚಳ ಬಿಗಿಯಾಗಿರುವ ಟ್ರಂಕು ಅಥವಾ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿ ಇಡಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಒದ್ದೆಯಾದರೆ ಒಲೆಯ ಮೇಲಿನ ಅಟ್ಟಕ್ಕೇರಿಸಬೇಡಿ. ಅಡಿಕೆಗೆ ಆಗಿಬರುವ ಬಿಸಿಹೊಗೆ ಕಾಗದವನ್ನು ಸುರುಳಿ ಸುತ್ತಿಸಿಬಿಡುತ್ತದೆ. ಹಾಳೆ ಬಿಡಿಸಿ ಫ್ಯಾನಿನ ಗಾಳಿಗೆ ಹಿಡಿಯಿರಿ. ಇಸ್ತ್ರಿ ಪೆಟ್ಟಿಗೆಯ ಮಾತಂತೂ ಎತ್ತಲೇಬೇಡಿ.

ಧ್ವನಿ

ಕಥೆ, ಸಮಾಜ ವಿಜ್ಞಾನಕ್ಕೆ ಧ್ವನಿ ಒಳ್ಳೆಯ ಜೊತೆ. ಬ್ರೈಲ್‌ಗೆ ಬದಲಾಗಿ ಅದೊಂದನ್ನೇ ಕೊಟ್ಟರೆ ಮಗುವಿಗೆ ಕಾಗುಣಿತ ಬರುವುದಿಲ್ಲ, ‘ಶಾಲೆ’ಯೋ ‘ಸಾಲೆ’ಯೋ ಬರೆಯುವಾಗ ಗೊತ್ತಾಗುವುದಿಲ್ಲ.

ಫೋನಿನ ರೆಕಾರ್ಡರ್ ಸಾಕು. ಬಾಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಇಡಿ, ನೇರ ಹಿಡಿದರೆ ಪ-ಫ-ಭ ಬಂದಾಗಲೆಲ್ಲ ಉಸಿರು ಬಡಿಯುತ್ತದೆ. ಶೀಟಿನ ಮಾಡಿನ ಕೆಳಗೆ ಮಳೆಗಾಲದಲ್ಲಿ ರೆಕಾರ್ಡಿಂಗ್ ಆಗದ ಮಾತು, ಇದೂ ಬೇಸಿಗೆಯ ಕೆಲಸವೇ. ಹಾಸಿಗೆ, ಕಂಬಳಿ ಇರುವ ಕೋಣೆಯಲ್ಲಿ ದನಿ ಗುಂಯ್‌ಗುಡುವುದಿಲ್ಲ. ಪಾಠದ ಹೆಸರು, ಮೂಲ ಪುಟಸಂಖ್ಯೆ ಹೇಳಿ, ಹೊಸ ಪಾರಿಭಾಷಿಕ ಪದ ಬಂದಾಗ ಒಮ್ಮೆ ಅಕ್ಷರ ಬಿಡಿಸಿ ಹೇಳಿ. ನಾಟಕೀಯತೆ ಬೇಡ, ಮಗು ಅದನ್ನು ಇಪ್ಪತ್ತು ಸಲ ಕೇಳಬೇಕಿದೆ. ಒಂದು ಫೈಲು 10-15 ನಿಮಿಷಕ್ಕಿಂತ ಉದ್ದ ಬೇಡ. ಹೆಸರು ‘07 ವಿಜ್ಞಾನ 03’ ಎಂಬಂತೆ ಸೊನ್ನೆ ಸೇರಿಸಿ ಕೊಡಿ, ಇಲ್ಲದಿದ್ದರೆ ಪಟ್ಟಿಯಲ್ಲಿ ಹತ್ತನೇ ಪಾಠ ಎರಡನೆಯದಕ್ಕಿಂತ ಮೊದಲು ಬಂದು ಕೂರುತ್ತದೆ. 64 ಕೆಬಿಪಿಎಸ್ ಮೋನೋ ಎಂಪಿ3 ಆದರೆ ಒಂದು ಗಂಟೆಗೆ ಸುಮಾರು 29 ಎಂಬಿ. ವಾಟ್ಸ್‌ಆ್ಯಪ್ ನಂಬದೆ ಮೆಮೊರಿ ಕಾರ್ಡಿಗೆ ಹಾಕಿ ಕೈಯಲ್ಲೇ ಕೊಡಿ.

ಚಿತ್ರ ಮತ್ತು ನಕ್ಷೆ

ಪ್ರತಿ ಚಿತ್ರಕ್ಕೂ ಮೊದಲು ಕೇಳಿಕೊಳ್ಳಿ: ಇದು ಬರೀ ಅಂದಕ್ಕಿದೆಯೋ, ಇದರ ಮೇಲೆ ಪ್ರಶ್ನೆ ಬರುತ್ತದೆಯೋ? ಅಂದಕ್ಕಾದರೆ ಒಂದು ಸಾಲು ಸಾಕು. ಮಾತಿನಲ್ಲಿ ಮುಗಿಯುವ ಚಿತ್ರವನ್ನು ಮಾತಿನಲ್ಲೇ ಮುಗಿಸಿ. ‘ಜೋಗ ಜಲಪಾತದ ರಮಣೀಯ ದೃಶ್ಯ’ ಎಂದರೆ ಮಗುವಿಗೆ ಸಿಕ್ಕಿದ್ದೇನೂ ಇಲ್ಲ. ‘ಕಡಿದಾದ ಬಂಡೆಗೋಡೆಯಿಂದ ನೀರು ನಾಲ್ಕು ಕವಲಾಗಿ ಬೀಳುತ್ತಿದೆ. ಎಡದಿಂದ ರಾಜ, ರೋರರ್, ರಾಕೆಟ್, ರಾಣಿ. ರಾಜ ನೇರ ಕೆಳಕ್ಕೆ, ರಾಣಿ ಬಂಡೆಗೆ ತಾಗುತ್ತ ಜಾರಿ. ಎತ್ತರ 253 ಮೀಟರ್, ಅಂದರೆ 15 ಮೀಟರಿನ ಅಡಿಕೆ ಮರ ಒಂದರ ಮೇಲೊಂದರಂತೆ ಸುಮಾರು 17’ ಎಂದು ಬರೆಯಿರಿ. ಮರದ ತುದಿಯಿಂದ ಕೊನೆ ಕೊಯ್ಯುವವರ ಕೂಗು ಕೇಳಿದ ಮಗುವಿಗೆ ಆ ಮರದ ಎತ್ತರ ಗೊತ್ತಿರುತ್ತದೆ.

ನಕ್ಷೆ ಮಾತಿನಲ್ಲಿ ಮುಗಿಯದು, ಮುಟ್ಟಲೇಬೇಕು. ಶಿವಮೊಗ್ಗ ಜಿಲ್ಲೆಯ ನದಿಗಳನ್ನೇ ತೆಗೆದುಕೊಳ್ಳಿ. ಪುಸ್ತಕದ ನಕ್ಷೆಯಲ್ಲಿ ಗಡಿ, ಏಳು ತಾಲ್ಲೂಕು, ರಸ್ತೆ, ರೈಲು, ನಾಲ್ಕೈದು ನದಿ ಒಟ್ಟಿಗೇ ಇವೆ. ಅಷ್ಟನ್ನೂ ಉಬ್ಬಿಸಿದರೆ ಬೆರಳಿಗೆ ಸಿಗುವುದು ಬಿಡಿಸಲಾಗದ ಸಿಕ್ಕು. ಎರಡು ನಕ್ಷೆ ಮಾಡಿ: ಒಂದರಲ್ಲಿ ಗಡಿ, ತುಂಗೆ, ಭದ್ರೆ. ಇನ್ನೊಂದರಲ್ಲಿ ಅದೇ ಗಡಿ, ಶರಾವತಿ, ವರದೆ.

ಎರಡು ಅಂಗೈ ಹರಡಿದಷ್ಟು, ಸುಮಾರು 25 ಸೆಂ.ಮೀ.ಗೆ 30 ಸೆಂ.ಮೀ. ರಟ್ಟು ತೆಗೆದುಕೊಳ್ಳಿ. ಮೇಲಿನ ಬಲ ಮೂಲೆಯನ್ನು ಕತ್ತರಿಸಿಬಿಡಿ, ಉತ್ತರ ಯಾವ ಕಡೆ ಎಂದು ಮಗು ಅದನ್ನು ಮುಟ್ಟಿ ತಿಳಿಯುತ್ತದೆ. ಗಡಿಗೆ ತೆಳು ನೂಲು. ತುಂಗೆಗೆ ಒಂದೆಳೆ ಸುತಳಿ, ತೀರ್ಥಹಳ್ಳಿಯ ಕಡೆಯಿಂದ ಶಿವಮೊಗ್ಗಕ್ಕೆ. ಭದ್ರೆಗೆ ನಯವಾದ ಪ್ಲಾಸ್ಟಿಕ್ ದಾರ, ದಕ್ಷಿಣದಿಂದ ಭದ್ರಾವತಿಯ ಮೇಲೆ ಹಾದು. ಕೂಡಲಿಯಲ್ಲಿ ಎರಡನ್ನೂ ಸೇರಿಸಿ, ಅಲ್ಲಿಂದ ಮುಂದಕ್ಕೆ ಎರಡನ್ನೂ ಹೊಸೆದು ಒಂದೇ ಹುರಿ ಮಾಡಿ ಅಂಟಿಸಿ. ತುಂಗಭದ್ರಾ ಎಂಬ ಹೆಸರು ಆ ಹುರಿಯಲ್ಲೇ ಇದೆ. ಒರಟೂ ನಯವೂ ಕೂಡಿದ್ದು ಬೆರಳಿಗೆ ತಾನಾಗಿ ತಿಳಿಯುತ್ತದೆ.

ಯಾವುದೇ ಎರಡು ಗೆರೆಯ ನಡುವೆ ಕನಿಷ್ಠ 5 ಮಿ.ಮೀ. ಬಿಡಿ. ಅದಕ್ಕಿಂತ ಹತ್ತಿರವಾದರೆ ಎರಡೂ ಒಂದೇ ದಪ್ಪ ಗೆರೆ ಅನ್ನಿಸುತ್ತವೆ. ಜಾಗ ಸಾಲದಿದ್ದರೆ ನದಿಯನ್ನು ತುಸು ಸರಿಸಿದರೂ ತಪ್ಪಿಲ್ಲ, ಭೂಮಾಪನ ಇಲಾಖೆ ಬಂದು ಅಳೆಯುವುದಿಲ್ಲ. ಊರುಗಳಿಗೆ ಅಂಗಿಯ ಗುಂಡಿ, ಪಕ್ಕದಲ್ಲಿ ಬ್ರೈಲ್‌ನ ಒಂದೇ ಅಕ್ಷರ, ಪೂರ್ತಿ ಹೆಸರು ಬೇರೆ ಹಾಳೆಯಲ್ಲಿ. ಫೆವಿಕಾಲ್ ಒಂದು ರಾತ್ರಿ ಒಣಗಲಿ, ಮಳೆಗಾಲವಾದರೆ ಎರಡು ರಾತ್ರಿ. ಅಡಿಕೆ ಹಾಳೆ ಪುಕ್ಕಟೆ ಸಿಗುತ್ತದೆಂದು ಅದರ ಮೇಲೆ ಮಾಡಬೇಡಿ, ಸೊಟ್ಟಗಾಗಿ ಬೂಷ್ಟು ಹಿಡಿಯುತ್ತದೆ.

ಆದ ಮೇಲೆ ನೀವೇ ಕಣ್ಣು ಮುಚ್ಚಿ ಮುಟ್ಟಿ ‘ಚೆನ್ನಾಗಿ ಗೊತ್ತಾಗುತ್ತೆ’ ಎಂದುಕೊಳ್ಳಬೇಡಿ. ನಕ್ಷೆ ನಿಮ್ಮ ತಲೆಯಲ್ಲಿ ಆಗಲೇ ಇದೆ. ಅದನ್ನು ನೋಡೇ ಇಲ್ಲದವರ ಕೈಗೆ ಕೊಟ್ಟು, ಎರಡು ನದಿ ಎಲ್ಲಿ ಸೇರುತ್ತವೆ ತೋರಿಸಿ ಎನ್ನಿ. ಅವರ ಬೆರಳು ಎಲ್ಲಿ ನಿಂತು ತಡಕಾಡುತ್ತದೋ ಅಲ್ಲಿ ತಿದ್ದಿ.

ಎಲ್ಲಿ ಕೇಳುವುದು

ಶುರು ಮಾಡುವ ಮುನ್ನ ಸುಗಮ್ಯ ಪುಸ್ತಕಾಲಯದಲ್ಲಿ ಹುಡುಕಿ. 2016ರ ಆಗಸ್ಟ್ 24ರಂದು ಶುರುವಾದ ಈ ಜಾಲ ಗ್ರಂಥಾಲಯದಲ್ಲಿ ಬೇರೆಯವರು ಆಗಲೇ ಮಾಡಿಟ್ಟ ಪುಸ್ತಕವಿದ್ದರೆ ನಿಮ್ಮ ತಿಂಗಳುಗಟ್ಟಲೆ ಶ್ರಮ ಉಳಿಯಿತು. ಮೈಸೂರಿನಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯವಿದೆ. ಶಾಲೆಯಿಂದ ಬೇಡಿಕೆ ಹೋಗಬೇಕಾದ್ದು ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಶಿಕ್ಷಕರಾದ ಬಿಐಇಆರ್‌ಟಿ ಮೂಲಕ. ಮಗುವಿನ ತರಗತಿ, ಮಾಧ್ಯಮ, ಬ್ರೈಲೋ ದೊಡ್ಡಕ್ಷರವೋ, ದೊಡ್ಡಕ್ಷರವಾದರೆ ಎಷ್ಟು ಪಾಯಿಂಟ್, ಇಷ್ಟನ್ನೂ ಬರೆದು ಕೊಡಿ. ‘ವಿಶೇಷ ಪುಸ್ತಕ ಬೇಕು’ ಎಂದಷ್ಟೇ ಬರೆದ ಅರ್ಜಿ ತಿರುಗಿ ಬರುತ್ತದೆ. ಶೇ. 40 ಮತ್ತು ಅದಕ್ಕಿಂತ ಹೆಚ್ಚಿನ ನ್ಯೂನತೆಯ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸಾಧನಗಳನ್ನು ಉಚಿತವಾಗಿ ಕೊಡಬೇಕೆಂದು 2016ರ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಅರ್ಜಿಯಲ್ಲಿ ಆ ಸಂಖ್ಯೆಯನ್ನೂ ಕಾಣಿಸಿ.

ಪುಸ್ತಕ ಹೀಗೆ ನಕಲು ಮಾಡಿದರೆ ಹಕ್ಕುಸ್ವಾಮ್ಯದ ತೊಂದರೆಯಿಲ್ಲವೇ ಎಂದು ಕೆಲವರು ಹಿಂಜರಿಯುತ್ತಾರೆ. 2012ರ ತಿದ್ದುಪಡಿ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿಗೆ ಇದಕ್ಕೆಂದೇ ಅವಕಾಶ ಸೇರಿಸಿದೆ. ಲಾಭಕ್ಕೆ ಮಾಡಬಾರದು, ತಗಲಿದ ವೆಚ್ಚಕ್ಕಿಂತ ಹೆಚ್ಚು ವಸೂಲು ಮಾಡಬಾರದು, ಪ್ರತಿ ಸಾಮಾನ್ಯ ಮಾರುಕಟ್ಟೆಗೆ ಹೋಗಬಾರದು. ಫೈಲಿನ ಮೊದಲ ಪುಟದಲ್ಲಿ ‘ದೃಷ್ಟಿ ಸಮಸ್ಯೆ ಇರುವವರ ಬಳಕೆಗೆ ಮಾತ್ರ’ ಎಂದು ಹಾಕಿಬಿಡಿ.

ಮಾರ್ಚ್‌ನಲ್ಲಿ ಬ್ರೈಲ್ ಕಟ್ಟುಗಳನ್ನು ವಾಪಸ್ ಪಡೆದು ಚುಕ್ಕಿ ಕುಸಿದ ಪುಟಗಳಿಗೆ ಗುರುತು ಹಾಕಿ. ಆ ಪುಟಗಳನ್ನಷ್ಟೇ ಮತ್ತೆ ಮುದ್ರಿಸಿದರೆ ಸಾಕು. ಶುದ್ಧ ಫೈಲನ್ನು ಎರಡು ಪೆನ್‌ಡ್ರೈವ್‌ನಲ್ಲಿ ಇಡಿ, ಹೆಸರಿನಲ್ಲಿ ಪುಸ್ತಕದ ಮುದ್ರಣ ವರ್ಷ ಇರಲಿ. ಮುಂದಿನ ವರ್ಷ ಹೊಸ ಪುಸ್ತಕ ಕೈಗೆ ಬಂದಾಗ ಮೊದಲು ಪರಿವಿಡಿ ತಾಳೆ ನೋಡಿ, ಆಮೇಲೆ ಅಭ್ಯಾಸ ಪ್ರಶ್ನೆಗಳನ್ನು. ಪಾಠ ಹಾಗೇ ಇದ್ದು ಪ್ರಶ್ನೆ ಮಾತ್ರ ಬದಲಾಗಿರುವುದುಂಟು.